ಬೋಳುಗುಡ್ಡದ ಮಳೆ

ಆ ಬೆಟ್ಟನಾಡಿನಲ್ಲಿ ಮಳೆ ಬೀಳುತ್ತಿದ್ದದ್ದು ವರ್ಷಕ್ಕೊಮ್ಮೆ, ಯಾವುದಾದರೂ ಒಂದೇ ಕಣಿವೆಯಲ್ಲಿ, ಅರ್ಧ ಗಂಟೆ. ವಾರದ ಹವಾಮಾನವನ್ನು ರೇಡಿಯೊದಲ್ಲಿ ಓದುವವಳು ಸಂಕವ್ವ. ಅವಳು ಹೆಸರಿಸಿದ ಕಣಿವೆಗೆ ಉಳಿದವರೆಲ್ಲ ಕೊಡಲಿ ಹಿಡಿದು ನುಗ್ಗಿ, ಅಲ್ಲಿಯವರನ್ನು ಕಡಿದು ನೀರು ಒಯ್ಯುತ್ತಿದ್ದರು.

ಈ ಸಲ ಅವಳು ಓದಬೇಕಾದ ಹಾಳೆಯಲ್ಲಿದ್ದದ್ದು ಅವಳ ತಮ್ಮ ಬರಮಪ್ಪನ ಕಣಿವೆ. ಅಲ್ಲಿಗೆ ಸುದ್ದಿ ಮುಟ್ಟಿಸಲು ರೇಡಿಯೊ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

"ಓದವ್ವಾ, ಮಂದಿ ಕಾಯಾಕ ಹತ್ಯಾರ," ಎಂದ ರೇಡಿಯೊ ಕೇಂದ್ರದ ಮುದುಕ ಕಾವಲುಗಾರ.

"ಉಷ್ಣಾಂಶ ನಲವತ್ತೇಳು. ಶುಕ್ರವಾರ ಮಳೆ, ಬೋಳುಗುಡ್ಡದಲ್ಲಿ," ಎಂದು ಅವಳು ಯಾರೂ ವಾಸಿಸದ ಜಾಗದ ಹೆಸರು ಓದಿದಳು.

ಶುಕ್ರವಾರ ಬೋಳುಗುಡ್ಡದಲ್ಲಿ ನೆರೆದವರು ಮೋಡಕ್ಕೆ ಕಾದು ಕಾದು, ಜಾಗಕ್ಕಾಗಿ ಒಬ್ಬರನ್ನೊಬ್ಬರು ಕೊಚ್ಚಿದರು. ಅತ್ತ ತಮ್ಮನ ಕಣಿವೆಯಲ್ಲಿ ಮಳೆ ಸುರಿಯಿತು. ಸಂಕವ್ವನ ಎದೆ ಹಗುರಾಯಿತು.

ಶನಿವಾರ ಬೋಳುಗುಡ್ಡದಲ್ಲಿ ಸಾಲಾಗಿ ಮಲಗಿಸಿದ ಹೆಣಗಳಲ್ಲಿ ಬರಮಪ್ಪನೂ ಇದ್ದ. ಅಕ್ಕನ ಮಾತು ನಂಬಿ, ಕೊಡಲಿಯಿಲ್ಲದೆ, ಎರಡು ಖಾಲಿ ಕೊಡ ಹಿಡಿದು ಬಂದಿದ್ದ.