ಕುಂಟಿ ಖಾನಾವಳಿ

ಎಣ್ಣೆಬಣ್ಣದ ವಾಸನೆ ಬಂದರೆ ನನಗೆ ಈಗಲೂ ಹಸಿವಾಗುತ್ತದೆ. ಅಂಕಲಿಯಲ್ಲಿ ನನ್ನ ಸೋದರತ್ತೆ ಖಾನಾವಳಿ ತೆರೆದ ಮಧ್ಯಾಹ್ನದಿಂದ ಹೀಗೆ. ಹುಟ್ಟಿನಿಂದ ಅವಳ ಎಡಗಾಲು ಗಿಡ್ಡ. ಊರು ಬೆನ್ನ ಹಿಂದೆ ‘ಕುಂಟಿ’ ಎನ್ನುತ್ತಿತ್ತು. ಬಣ್ಣ ಇನ್ನೂ ಆರದ ಬೋರ್ಡಿನ ಮೇಲೂ ಅವಳು ಅದನ್ನೇ ಬರೆಸಿದ್ದಳು.

“ಅಕ್ಕಾ, ಮಂದಿ ನಗ್ತಾರ. ಅಳಿಸಿಬಿಡು,” ಎಂದು ಅಪ್ಪ ಗೋಗರೆದ. ಆ ದನಿಯನ್ನು ನಾನು ಇವತ್ತಿಗೂ ಅನುಕರಿಸಬಲ್ಲೆ; ಅದು ನನ್ನ ಕೀರಲು ದನಿಗಿಂತ ಚಲೋ ಐತಿ.

“ಹಿಂದ ಅಂತಿದ್ರಲ್ಲೋ, ಇನ್ನ ಮುಂದ ನಿಂತು ಅನ್ಲಿ,” ಎಂದಳು ಅತ್ತೆ, ರೊಟ್ಟಿ ಬಡಿಯುತ್ತಲೇ.

ಮೊದಲು ಬಂದವನು, ಅವಳ ಬೆನ್ನ ಹಿಂದೆ ಕುಂಟುತ್ತ, ‘ಕುಂಟಿ’ ಎಂದು ಅಣಕಿಸುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್. ಬೋರ್ಡು ಓದಿದವನೇ ತಲೆ ತಗ್ಗಿಸಿ, “ಅಕ್ಕಾರ, ಊಟ ಐತೇನ್ರಿ?” ಎಂದ.

ಅತ್ತೆ ಬಿದ್ದು ಬಿದ್ದು ನಕ್ಕಳು. “ಓಣಿ ತುಂಬ ಒದರ್ತಿದ್ದಿ, ಈಗ ಆ ಹೆಸರು ಬಾಯಾಗ ಬರವಲ್ದೇನ? ಬಾ, ಉಣ್ಣು.”