ವಾಚನಾಲಯಕ್ಕೆ ತಕ್ಕ ಉಡುಪು

ಚಪ್, ಚಪ್. ರಬ್ಬರ್ ಚಪ್ಪಲಿಯ ಸಣ್ಣ ಸದ್ದು ಬಾಗಿಲಿನಿಂದ ಕಿಟಕಿಯ ಪಕ್ಕದ ಕುರ್ಚಿಯವರೆಗೆ ಹೋಗಿ ನಿಂತಿತು. ಗ್ರಂಥಪಾಲಕಿಗೆ ತಲೆ ಎತ್ತದೆಯೇ ಗೊತ್ತಾಯಿತು. ಆ ಹಿರಿಯರೇ. ಇವತ್ತೂ ಪೈಜಾಮ.

ಮಾಸಿದ ನೀಲಿ ಗೆರೆಗಳ ಪೈಜಾಮ, ಮಂಡಿಯ ಬಳಿ ಜೋತುಬಿದ್ದದ್ದು. ಮೇಲೆ ಕತ್ತು ಸಡಿಲಗೊಂಡ ಬನಿಯನ್ನು. ಒಗೆದು ಶುಭ್ರವಾಗಿಯೇ ಇರುತ್ತಿತ್ತು. ಆದರೂ ಅದು ಹಾಸಿಗೆಯಿಂದ ಎದ್ದು ನೇರ ಬಂದವರ ವೇಷ.

"ಮೇಡಂ, ನಾಳೆಯಿಂದ ನಾನೂ ದಿಂಬು, ಹೊದಿಕೆ ತರ್ಲಾ?" ಮುಂದಿನ ಮೇಜಿನಿಂದ ನಿವೃತ್ತ ಮೇಷ್ಟ್ರು ಪಿಸುಗುಟ್ಟಿದರು.

"ಯಾರಿಗೂ ತೊಂದರೆ ಕೊಡ್ತಿಲ್ಲವಲ್ಲ ಸರ್. ಅವರ ಪಾಡಿಗೆ ಅವರು ಓದ್ತಾರೆ."

"ಓದ್ತಾರಾ? ಒಂದು ಪುಟ ತಿರುಗಿಸಿದ್ದು ನೋಡಿದ್ದೀರಾ? ನಾಲ್ಕು ಜನ ಬರೋ ಜಾಗ, ಒಂದು ಮರ್ಯಾದೆ ಬೇಡವೇ?"

ಪುಟದ ಮಾತು ನಿಜ. ಪುಸ್ತಕ ತೆರೆದಿಟ್ಟುಕೊಂಡು ಅವರು ನೋಡುತ್ತಿದ್ದುದು ಕಿಟಕಿಯಾಚೆಗೆ. ರಸ್ತೆಯ ಆ ಬದಿಯಲ್ಲಿ ಕಾಫಿ ಹೋಟೆಲು, ಬಟ್ಟೆ ಅಂಗಡಿ, ಮೂಲೆಯಲ್ಲೊಂದು ಬಾರು. ಬಟ್ಟೆ ಅಂಗಡಿಯ ಗಾಜಿನ ಹಿಂದೆ ಕೋಟು ತೊಟ್ಟ ಗೊಂಬೆಗಳು. ಪಾಪ, ಅವನ್ನೇ ನೋಡುತ್ತಾರೆ ಎಂದುಕೊಂಡಿದ್ದಳು.

ಇನ್ನೊಂದು ದಿನ ಮೇಷ್ಟ್ರೇ ಅವರನ್ನು ಕೆಣಕಿದರು. "ಬನ್ನಿ ಸ್ವಾಮಿ, ಎದುರುಗಡೆ ಒಂದು ಕಾಫಿ ಕುಡಿದು ಬರೋಣ."

"ಈ ವೇಷದಲ್ಲಾ? ನನ್ನ ಹೆಣ ಕೂಡ ರಸ್ತೆ ದಾಟಲ್ಲ."

"ಮತ್ತೆ ಇಲ್ಲಿಗೆ ಬರ್ತೀರಲ್ಲ?"

"ಇಲ್ಲಿ ಯಾರೂ ತಲೆ ಎತ್ತಲ್ಲ ಅಂತ ಬರ್ತೀನಿ. ನಿಮ್ಮೊಬ್ಬರನ್ನ ಬಿಟ್ಟು."

ಓದುತ್ತಿದ್ದವರೆಲ್ಲ ನಕ್ಕುಬಿಟ್ಟರು. ಮೇಷ್ಟ್ರು ನಗಲಿಲ್ಲ. ಮರುದಿನವೇ ಮೇಲಿನವರಿಗೆ ದೂರು ಹೋಯಿತು. ಸಂಜೆಯೊಳಗೆ ಅವಳಿಗೆ ಫೋನು ಬಂತು. ನೀವೇ ಹೇಳಿ ಸರಿಪಡಿಸಿ.

ಹೇಗೆ ಹೇಳುವುದು? ಮನೆಯಲ್ಲಿ ಅವಳು ತೊಡುವುದು ಗಂಡನ ಹಳೆಯ ಅಂಗಿ, ಅಂಚು ಹರಿದದ್ದು. ಮೈಗೆ ಹಿತವಾದದ್ದು ಕಣ್ಣಿಗೆ ಯಾಕೆ ತಪ್ಪಾಗಿ ಕಾಣಬೇಕೆಂಬುದು ಅವಳಿಗೂ ತಿಳಿಯದು. ಆದರೂ ಮುಚ್ಚುವ ಹೊತ್ತಿಗೆ ಕಿಟಕಿಯ ಬಳಿ ಹೋಗಿ ನಿಂತಳು.

"ಸರ್, ನಾಳೆಯಿಂದ... ಸ್ವಲ್ಪ... ಬಟ್ಟೆ..."

ಅವರು ಕೂಡಲೇ ಎದ್ದರು. ಪುಸ್ತಕ ಮುಚ್ಚಿಟ್ಟರು. "ಬಿಡಿಸಿ ಹೇಳಬೇಡಿ, ಅರ್ಥ ಆಯ್ತು. ಬೇರೆ ಬಟ್ಟೆ ಇದ್ದಿದ್ರೆ ಹಾಕ್ಕೊಂಡು ಬರ್ತಿರಲಿಲ್ಲವೇನಮ್ಮ?"

ಮರುದಿನ ಕುರ್ಚಿ ಖಾಲಿ. ಆಮೇಲೂ ಖಾಲಿ. ಮೇಷ್ಟ್ರು ಆ ಕುರ್ಚಿಗೆ ಬಂದು ಕೂತು ಗಾಳಿ ಚೆನ್ನಾಗಿದೆ ಎಂದರು. ಮನೆಯಲ್ಲಿ ಅವಳದ್ದು ಒಂದೇ ಮಾತು. ಇದ್ದದ್ದೊಂದು ಜಾಗ, ಅದನ್ನೂ ಕಿತ್ತುಕೊಂಡೆನಲ್ಲ! ವಯಸ್ಸಾದ ಮನುಷ್ಯ ಇನ್ನೆಲ್ಲಿಗೆ ಹೋಗಬೇಕು?

"ಅಷ್ಟೊಂದು ಚುಚ್ಚುತ್ತಿದ್ದರೆ ಹೋಗಿ ಕ್ಷಮೆ ಕೇಳಿ ಬಾ," ಎಂದ ಗಂಡ. "ನನ್ನ ತಲೆ ತಿನ್ನಬೇಡ."

ಅವಳು ಬೀರು ತೆರೆದಳು. ಅವನ ಹೊಟ್ಟೆಗೆ ಈಗ ಸಾಲದ ಕಪ್ಪು ಪ್ಯಾಂಟು, ಬಿಳಿ ಅಂಗಿ. ತಾನೇ ಇಸ್ತ್ರಿ ಹಾಕಿದಳು. ಬೂಟಿಗೆ ಪಾಲಿಶ್ ಮಾಡಿದಳು. ಎಲ್ಲವನ್ನೂ ಚೀಲಕ್ಕೆ ಹಾಕಿ, ಊಟದ ಬಿಡುವಿನಲ್ಲಿ, ಸದಸ್ಯರ ಪಟ್ಟಿಯಲ್ಲಿದ್ದ ಅವರ ವಿಳಾಸ ಹಿಡಿದು ವಾಚನಾಲಯದ ಹಿಂದಿನ ಓಣಿಗೆ ನಡೆದಳು.

ಅವರು ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಅದೇ ಪೈಜಾಮ. ಚೀಲದೊಳಗೆ ಇಣುಕಿದರು. ಅಂಗಿಯ ಕಾಲರಿನ ಮೇಲೆ ಬೆರಳಾಡಿಸಿದರು. ಕಣ್ಣು ಒದ್ದೆಯಾಗಿತ್ತು.

"ನನಗಾ?"

"ತಪ್ಪು ತಿಳ್ಕೋಬೇಡಿ ಸರ್. ನಾನು ಅವತ್ತು ಹಾಗೆ ಹೇಳಬಾರದಿತ್ತು."

"ನೀವು ದೇವರಂಥೋರು ಕಣಮ್ಮ." ಅವರು ಓಣಿಯ ಎರಡೂ ತುದಿಗೆ ಕಣ್ಣು ಹಾಯಿಸಿದರು. "ಮಗಳು ಕೆಲಸಕ್ಕೆ ಹೋಗಿದ್ದಾಳೆ. ಅವಳಿಗೆ ನೀವೇನೂ ಹೇಳೋದು ಬೇಡ. ನಾನೇ ಹೇಳ್ತೀನಿ."

ಸ್ವಾಭಿಮಾನಿ, ಎಂದುಕೊಂಡಳು. ವಾಪಸು ನಡೆಯುವಾಗ ಎದೆ ಹಗುರಾಗಿತ್ತು.

ಮರುದಿನ ಬೇಗ ಬಂದು ಕಿಟಕಿಯ ಬಳಿಯ ಕುರ್ಚಿಯ ಮೇಲೆ ತನ್ನ ಚೀಲವಿಟ್ಟು ಜಾಗ ಹಿಡಿದಳು. ಮೇಷ್ಟ್ರು ಗೊಣಗಿದರೂ ಬಿಡಲಿಲ್ಲ. ಬೂಟಿನ ಸದ್ದಿಗಾಗಿ ಕಿವಿ ತೆರೆದು ಕೂತಳು. ಮಧ್ಯಾಹ್ನವಾಯಿತು. ಅವರು ಬರಲಿಲ್ಲ.

ಬಂದದ್ದು ಅವರ ಮಗಳು. ಕೂದಲು ಬಾಚಿರಲಿಲ್ಲ. ಮನೆಯಲ್ಲಿ ತೊಡುವ ಸುಕ್ಕುಗಟ್ಟಿದ ಅಂಗಿಯಲ್ಲೇ, ಬರಿಗಾಲಲ್ಲೇ ಬಂದಿದ್ದಳು.

"ಮೇಡಂ, ಅಪ್ಪ ಆಸ್ಪತ್ರೇಲಿದ್ದಾರೆ. ಪ್ರಜ್ಞೆ ಇಲ್ಲ. ಡಾಕ್ಟರು ಮುಖ ಕೊಟ್ಟು ಮಾತಾಡ್ತಿಲ್ಲ. ಅಪ್ಪನಿಗೆ ಯಾರೋ ಬಟ್ಟೆ ಕೊಟ್ಟಿದ್ದಾರೆ. ಇಲ್ಲಿ ಬರೋರಲ್ಲಿ ಯಾರು ಅಂತ ನಿಮಗೇನಾದ್ರೂ ಗೊತ್ತಾ?"

"ಬಟ್ಟೆಯಾ?" ಎಂದಳು ಗ್ರಂಥಪಾಲಕಿ. "ಪಾಪ, ಅವರಿಗೆ ಬೇರೆ ಬಟ್ಟೆ ಇರಲಿಲ್ಲ ಅಂತ ಯಾರಾದರೂ..."

"ಬೀರು ತುಂಬ ಇತ್ತು ಮೇಡಂ. ನಾನೇ ಮೂಟೆ ಕಟ್ಟಿ ಅಣ್ಣನ ಮನೆಗೆ ಸಾಗಿಸಿದ್ದೆ." ಮಗಳು ಕಿಟಕಿಯಾಚೆ ನೋಡಿದಳು. "ದೊಡ್ಡ ಹೋಟೆಲಲ್ಲಿ ಮ್ಯಾನೇಜರ್ ಆಗಿದ್ದೋರು. ಇಸ್ತ್ರಿ ಬಟ್ಟೆ, ಬೂಟು ಇಲ್ಲದೆ ಸತ್ತರೂ ಬಾರಿಗೆ ಕಾಲಿಡಲ್ಲ. ಬಾಗಿಲಿಗೆ ಬೀಗ ಹಾಕಿದ್ರೂ ನಿಲ್ಲದ ಕುಡಿತ ಆ ಪೈಜಾಮದಿಂದ ನಿಂತಿತ್ತು."

"ಗೊತ್ತಿಲ್ಲಮ್ಮ," ಎಂದಳು ಗ್ರಂಥಪಾಲಕಿ. ಇನ್ನು ತನ್ನ ಬಟ್ಟೆ ಎಲ್ಲಿ ಎಂದು ಗಂಡನೇ ಕೇಳಿದರೂ ಇದೇ ಮಾತು ಎಂದು ಆಗಲೇ ನಿರ್ಧರಿಸಿದ್ದಳು.