ಬೋರಲಿಂಗಯ್ಯನ ಹೇಳಿಕೆ

ಕೋಡಿಹಳ್ಳಿಯ ಮಿಕ್ಸಿ ರಿಪೇರಿ ಬೋರಲಿಂಗಯ್ಯ ಒಂದೇ ಗುದ್ದಿಗೆ ಏಳು ಜನರನ್ನು ನೆಲಕ್ಕೆ ಹಾಕಿದ. ಆ ಸದ್ದಿಗೆ ಕಬ್ಬಾಳು ಬೆಟ್ಟದ ಕೋತಿಗಳೆಲ್ಲ ಮರದಿಂದ ಉದುರಿದವು. ಹೀಗೆಂದು ಹೇಳುತ್ತಿದ್ದವನು ಸ್ವತಃ ಬೋರಲಿಂಗಯ್ಯ. ಬರೆದುಕೊಳ್ಳುತ್ತಿದ್ದವನು ಹೆಡ್ ಕಾನ್‌ಸ್ಟೆಬಲ್ ದೊಡ್ಡಹನುಮಯ್ಯ.

ಕನಕಪುರದ ಆಸ್ಪತ್ರೆ, ಬೆಳಗಿನ ಹನ್ನೊಂದು ಗಂಟೆ. ಒಳಗೆ ವೆಂಕಟಯ್ಯ ಎಚ್ಚರವಿಲ್ಲದೆ ಮಲಗಿದ್ದ. ಅವನನ್ನು ತನ್ನದೇ ಲಗೇಜ್ ಆಟೊದಲ್ಲಿ ತಂದು, ಗೇಟಿನಲ್ಲೇ "ಹೊಡ್ದೋನು ನಾನೇ" ಎಂದು ಸಾರಿದವನು ಬೋರಲಿಂಗಯ್ಯ. ಹೊಡೆದವನೇ ಏಟು ತಿಂದವನನ್ನು ಹೊತ್ತು ತಂದದ್ದನ್ನು ದೊಡ್ಡಹನುಮಯ್ಯ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

"ಒಳಗಿರೋನು ಒಬ್ಬ. ಮಿಕ್ಕಿದ ಆರು ಜನ ಎಲ್ಲಿ?"

"ಓಡೋದ್ರು ಸಾ. ಇಷ್ಟೊತ್ತಿಗೆ ತಮಿಳ್ನಾಡು ಸೇರಿರ್ತಾರೆ."

"ಜಗಳ ಯಾಕ್ಲಾ ಬಂತು?"

"ಗ್ರೈಂಡರ್ ರಿಪೇರಿ ಮಾಡಿ ಅವನ ಮನೆಗೆ ತಗೊಂಡೋದೆ. ನಿನ್ ರಿಪೇರಿ ನಾಯಿಗೂ ಬ್ಯಾಡ ಅಂದ. ಮೂವತ್ತು ವರ್ಷದ ಹೆಸ್ರು ಸಾ. ಸತ್ತೋದ ಮಿಕ್ಸಿ ನನ್ನ ಕಂಡ್ರೆ ಎದ್ದು ತಿರುಗ್ತದೆ. ಅಂತಾ ಮಾತು ಕೇಳ್ಕಂಡು ಸುಮ್ನಿರಕ್ಕಾಯ್ತದಾ?"

ಮುಂದಿನದು ಘೋರ. ವೆಂಕಟಯ್ಯ ತೆಂಗಿನ ಗರಿಯಷ್ಟು ಉದ್ದದ ಮಚ್ಚು ಎಳೆದ. ಬೋರಲಿಂಗಯ್ಯ ಅದನ್ನು ಎರಡು ಬೆರಳಲ್ಲಿ ಹಿಡಿದು ಹಪ್ಪಳದಂತೆ ಮುರಿದ. ವೆಂಕಟಯ್ಯ ಕಚ್ಚಿದ, ಒದ್ದ, ಕಣ್ಣಿಗೆ ಬೆರಳು ಹಾಕಿದ. ಬೋರಲಿಂಗಯ್ಯ ಅವನನ್ನು ಅಂಗಾತ ಕೆಡವಿ, ಪಕ್ಕದಲ್ಲಿ ಮಂಡಿಯೂರಿ, ಎದೆಯ ನಟ್ಟನಡುವೆ ಎರಡೂ ಕೈ ಸೇರಿಸಿ ಗುದ್ದಿದ. ಪಕ್ಕೆಲುಬು ಲಟಕ್ಕೆಂದಿತು. ಬಿಡಲಿಲ್ಲ. ಇನ್ನೊಂದು ಲಟಕ್ಕೆಂದಿತು. ಆಗಲೂ ಬಿಡಲಿಲ್ಲ. ನಲವತ್ತು ಗುದ್ದು.

"ಎಣಿಸ್ಕಂಡು ಹೊಡ್ದ್ಯಾ?"

"ಎಣಿಸ್ದೆ ಸಾ."

"ಆ ಸಿಟ್ಟಲ್ಲಿ?"

ಬೋರಲಿಂಗಯ್ಯ ಹರಿದ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಬರ್ಕಳಿ ಸಾ, ಬರ್ಕಳಿ."

"ಅವನು ಸತ್ರೆ ಕೊಲೆ ಕೇಸು ಕಣ್ಲಾ. ಗೊತ್ತೇನ್ಲಾ?"

"ಹಂಗೇ ಬರ್ಕಳಿ."

ಡಾಕ್ಟರ್ ನೂರೀನ್ ಹೊರಗೆ ಬಂದರು. "ಏನ್ರೀ, ನಾಲ್ಕು ಪಕ್ಕೆಲುಬು ಮುರಿದಿದೆ. ಮುಖದ ಮೇಲೆ ಒಂದು ಗೀರೂ ಇಲ್ಲ. ಎದೆ ಬಡಿತ ಮಾತ್ರ ಹದ ತಪ್ಪಿದೆ, ಯಾವಾಗ ಬೇಕಾದರೂ ನಿಲ್ಲಬಹುದು. ನಡೆದದ್ದು ಏನು ಅಂತ ಸರಿಯಾಗಿ ಹೇಳಿದರೆ ನಾನು ಏನಾದರೂ ಮಾಡಬಹುದು."

"ನಾನು ಹೊಡ್ದ್ರೆ ಬಡಿತ ಹದವಾಗಿರ್ತದಾ ಮೇಡಂ? ಕೋಣ ಆದ್ರೂ ಹಂಗೇ ಆಯ್ತದೆ."

"ಅಂಗೈಯಲ್ಲಿ ಕಪ್ಪಗೆ ಸುಟ್ಟ ಗುರುತಿದೆ."

"ಬೀಡಿ ಸೇದ್ತಾನೆ ಮೇಡಂ."

ಡಾಕ್ಟರ್ ಅವನನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದರು.

ಅಷ್ಟರಲ್ಲಿ ವೆಂಕಟಯ್ಯನ ಹೆಂಡತಿ ರಾಧಾಮಣಿ ಓಡಿ ಬಂದಳು. ಬೆಳಿಗ್ಗೆಯೇ ಅತ್ತೆ ಮಾಯಮ್ಮನ ಜೊತೆ ಕಬ್ಬಾಳಮ್ಮನ ಗುಡಿಗೆ ಹೋಗಿದ್ದವಳು. ಸುದ್ದಿ ತಿಳಿದು ಅತ್ತೆಯನ್ನು ಮನೆಗೆ ಕಳಿಸಿ, ಬಸ್ಸಿಳಿದವಳೇ ಇಲ್ಲಿಗೆ ಬಂದಿದ್ದಳು. ಬೋರಲಿಂಗಯ್ಯನನ್ನು ಕಂಡದ್ದೇ ಕೆನ್ನೆಗೆ ಬಾರಿಸಿದಳು. ಬಳೆ ಒಡೆದು ಅವನ ತುಟಿ ಸೀಳಿತು. ಏಳು ಜನರನ್ನು ಉರುಳಿಸಿದವನು ಮುಖ ತಿರುಗಿಸಲಿಲ್ಲ.

"ಅಣ್ಣ ಅಂತಿದ್ನಲ್ಲೋ ನಿನ್ನ. ಒಟ್ಟಿಗೆ ಉಂಡೋನ ಎದೆ ಮುರಿಯಕ್ಕೆ ಹೆಂಗೋ ಕೈ ಬಂತು?"

"ಹೊಡೀ ತಾಯಿ. ಇನ್ನೆರಡು ಹೊಡಿ."

ಅವಳು ಹೊಡೆದಳು. ಗಲ್ಲದಿಂದ ರಕ್ತ ಅಂಗಿಗೆ ಇಳಿಯಿತು. ದೊಡ್ಡಹನುಮಯ್ಯ ಬಿಡಿಸಲು ಅವಸರ ಮಾಡಲಿಲ್ಲ. ಅವಳ ಫೋನು ಹೊಡೆದುಕೊಂಡಿತು.

"ಇನ್ನೂ ಕಣ್ಣು ಬುಟ್ಟಿಲ್ಲ ಅತ್ತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನೆಂಟ್ರು ಬಂದವ್ರಾ? ಏನಿಕ್ತೀರಿ ಅವ್ರಿಗೆ... ಅಕ್ಕಿ ನೆನೆಹಾಕಿ ಬಂದಿದ್ದೆ, ದೋಸೆಗೆ ರುಬ್ಬಿಬುಡಿ. ಊಂ, ಈ ಪಾಪಿ ಗ್ರೈಂಡರ್ ತಂದು ಮಡಗವ್ನಲ್ಲ, ಅದಕ್ಕೇ ಹಾಕಿ. ತೊಳೀರಿ ಒಸಿ."

ಬೋರಲಿಂಗಯ್ಯ ನೆಗೆದು ಫೋನು ಕಿತ್ತುಕೊಂಡ. ದೊಡ್ಡಹನುಮಯ್ಯನ ಲಾಠಿ ಅವನ ಬೆನ್ನಿಗೆ ಬಿತ್ತು, ಮತ್ತೆ ಮೊಣಕೈಗೆ. ಗೋಡೆಗೆ ಒತ್ತಿಕೊಂಡು, ಏಟು ಬೀಳುತ್ತಿದ್ದರೂ ಫೋನು ಬಿಡದೆ ಹೇಳಿದ: "ಮಾಯಮ್ಮ, ಗ್ರೈಂಡರ್ ಪ್ಲಗ್ ಹಾಕ್ಬ್ಯಾಡ. ನಿನ್ ಕಾಲಿಗೆ ಬೀಳ್ತೀನಿ, ಅದನ್ನ ಮುಟ್ಬ್ಯಾಡ. ಹೊರಗೆ ಹೋಗಿ ಕೂತ್ಕ."

ಆ ಕಡೆಯಿಂದ "ಆಯ್ತು" ಅಂದಮೇಲೆ ಅವನ ಕೈ ಸಡಿಲವಾಯಿತು. ಗಲಾಟೆಗೆ ಡಾಕ್ಟರ್ ನೂರೀನ್ ಬಾಗಿಲಿಗೆ ಬಂದು ನಿಂತಿದ್ದರು.

"ಯಾಕೆ ಮುಟ್ಟಬಾರದು?"

ಬೋರಲಿಂಗಯ್ಯ ನೆಲ ನೋಡಿದ. ಎದುರಿಗೆ ಮೂರು ಜನ. ಒಬ್ಬರೂ ಕಣ್ಣು ಕದಲಿಸಲಿಲ್ಲ.

"ಕರೆಂಟು ಹೊಡೀತು ಮೇಡಂ. ಜಗಳ ಆಗ್ಲಿಲ್ಲ, ಮಚ್ಚೂ ಇರ್ಲಿಲ್ಲ. ಆ ಗ್ರೈಂಡರ್ ಹಾಕ್ದಾಗೆಲ್ಲ ಫ್ಯೂಸ್ ಹೋಯ್ತಿತ್ತು. ಎಲ್ಲಿ ಕೆಟ್ಟದೆ ಅಂತ ಮೂರು ದಿನ ಹುಡುಕ್ದೆ, ಸಿಗ್ಲಿಲ್ಲ. ಅರ್ಥ್ ವೈರ್ ಕತ್ತರಿಸ್ಬುಟ್ಟೆ. ಫ್ಯೂಸ್ ಹೋಗೋದು ನಿಲ್ತು, ಕರೆಂಟು ಗ್ರೈಂಡರ್ ಮೈಯಲ್ಲೇ ಉಳೀತು. ಯಾವಾಗ್ಲೂ ಹಂಗೇ ಮಾಡೋದು. ಒದ್ದೆ ಕೈಲಿ ಮುಟ್ಟಿ ಅಂಟ್ಕಂಡ. ವೈರ್ ಎಳೆದು ಬಿಡಿಸೋ ಹೊತ್ಗೆ ಉಸಿರೇ ಇರ್ಲಿಲ್ಲ."

ಡಾಕ್ಟರ್ ಮುಂದಿನದನ್ನು ಕೇಳಲು ನಿಲ್ಲದೆ ನರ್ಸನ್ನು ಕೂಗುತ್ತ ಒಳಗೆ ಓಡಿದರು.

ದೊಡ್ಡಹನುಮಯ್ಯ ಲಾಠಿ ಇಳಿಸಿದ. "ಹಂಗಾದ್ರೆ ಆ ಗುದ್ದು?"

"ಎದೆ ಒತ್ತುದ್ರೆ ಉಸ್ರು ಬತ್ತದೆ ಅಂತ ಮೊಬೈಲಲ್ಲಿ ನೋಡಿದ್ದೆ ಸಾ. ಬರೋಗಂಟ ಒತ್ತುದೆ."

ಮತ್ತೆ ಹೊಡೆಯಲು ರಾಧಾಮಣಿ ಎತ್ತಿದ್ದ ಕೈ ಅಲ್ಲೇ ನಿಂತಿತು. ದೊಡ್ಡಹನುಮಯ್ಯ ಬರೆದಿದ್ದ ಹಾಳೆಯನ್ನು ಹರಿದು, ಹೊಸ ಹಾಳೆ ತೆಗೆದ. ಬೋರಲಿಂಗಯ್ಯ ಅವನ ಪೆನ್ನು ಹಿಡಿದುಕೊಂಡ.

"ಹೊಡ್ದೆ ಅಂತ್ಲೇ ಇರ್ಲಿ ಸಾ. ಕೆಲ್ಸ ಬರಲ್ಲ ಅಂತ ಮಾತ್ರ ಬರೀಬ್ಯಾಡಿ."